ಹದಿನೇಳನೇ ಸೈಟಿನ ಚಕ್ಕುಬಂದಿ

ಲತಾಮಣಿಯವರ ಅರಳು ಸಂಡಿಗೆಗೆ ಬೂಷ್ಟು ಹಿಡಿದದ್ದೇ ಎಲ್ಲಕ್ಕೂ ಮೂಲ.

ಕತ್ರಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಅವರದು ಕೊನೆಯಿಂದ ಎರಡನೇ ಮನೆ. ಕೊನೆಯದು ರಾಮಯ್ಯನವರದು, ಅದರಾಚೆ ದೊಡ್ಡ ಮೋರಿ. ಎಂಬತ್ತು ದಾಟಿದ ರಾಮಯ್ಯನವರು ಈ ಯುಗಾದಿಗೆ ಮಹಡಿಯ ಮೇಲೊಂದು ತಗಡಿನ ರೂಮು ಎಬ್ಬಿಸಿದ್ದರು. ಎರಡು ಮನೆಗಳ ನಡುವೆ ಬಿಡಬೇಕಾದ ಜಾಗದ ಮೇಲೂ ಅದು ಮೂರಡಿ ಚಾಚಿಕೊಂಡು, ಇವರ ತಾರಸಿಯ ಬೆಳಗಿನ ಬಿಸಿಲನ್ನೆಲ್ಲ ತಾನೇ ನುಂಗುತ್ತಿತ್ತು.

"ನೋಡ್ರೀ, ಹಸಿರು ಸಂಡಿಗೆ!" ಲತಾಮಣಿ ತಟ್ಟೆಯನ್ನು ಗಂಡನ ಕಾಫಿ ಲೋಟದ ಪಕ್ಕ ಕುಕ್ಕಿದರು. "ಇನ್ನು ಹತ್ತು ದಿನಕ್ಕೆ ಮಗಳ ಸೀಮಂತ. ಬೀಗರ ಎಲೆಗೆ ಇದನ್ನ ಕರಿದು ಹಾಕ್ಲಾ? ನಂಗೆ ಬಿಸಿಲು ಬೇಕು, ಅಷ್ಟೇ."

ಗಂಡ ದೇವದಾಸ್ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು. ಬೇರೆಯವರ ತಪ್ಪು ಕಂಡರೆ ಇವತ್ತಿಗೂ ಅವರ ಕೈ ತುರಿಸುತ್ತದೆ. ಆದರೆ ರಾಮಯ್ಯ ತೀರಿಹೋದ ಅಪ್ಪನ ಜೀವದ ಗೆಳೆಯ. ಎದುರು ನಿಂತು ಕೇಳಲು ಧೈರ್ಯವಿಲ್ಲ.

ಎದುರು ಮನೆಯ ವೇಣು ಬಡಾವಣೆ ಸಂಘದ ಕಾರ್ಯದರ್ಶಿ. ಯಾರ ಮನೆಯಲ್ಲಿ ದನಿ ಏರಿದರೂ ಗೇಟಿನಲ್ಲಿ ಹಾಜರು.

"ಬಾಯಲ್ಲಿ ಹೇಳಿದ್ರೆ ಏನೂ ಆಗಲ್ಲ ಸಾರ್, ಪೇಪರ್‌ನಲ್ಲೇ ಹೊಡೀಬೇಕು. ಮೊದ್ಲು ನಿಮ್ಮ ಸೈಟಿನ ಹಿಸ್ಟರಿ ಪೂರ್ತಿ ತೆಗ್ಸಿ. ಕ್ರಯಪತ್ರ, ಪ್ಲಾನು, ಎಲ್ಲಾ. ನಿಮ್ದು ಕ್ಲೀನ್ ಅಂತಾದ್ರೆ ದೂರಿಗೊಂದು ತೂಕ. ಬನ್ನಿ, ಸ್ಕೂಟರ್ ಇದೆ."

ಅಪ್ಪನ ಮರದ ಪೆಟ್ಟಿಗೆಯಲ್ಲಿದ್ದ ಕ್ರಯಪತ್ರವನ್ನು ಗೆದ್ದಲು ಮುಕ್ಕಾಲು ಮುಗಿಸಿತ್ತು. ಹಾಗಾಗಿ ನಕಲು ಪಡೆಯಲು ಉಪನೋಂದಣಿ ಕಚೇರಿಗೆ ಹೊರಟರು. ಅಂದು ಅಲ್ಲಿ ಕಂಪ್ಯೂಟರ್ ಕೆಟ್ಟಿರಲಿಲ್ಲ, ಗುಮಾಸ್ತರು ಊಟಕ್ಕೆ ಎದ್ದಿರಲಿಲ್ಲ, ಸರ್ವರ್ ಮಲಗಿರಲಿಲ್ಲ. ಗ್ರಹಚಾರ ಕೆಟ್ಟ ದಿನವೇ ಕೆಲಸಗಳು ಹೀಗೆ ಸಲೀಸಾಗಿ ಆಗುವುದು.

ನಕಲು ಕೈಗೆ ಬಂತು. ಮೊದಲು ರಾಗಿ ಹೊಲ, ಆಮೇಲೆ ಸೊಸೈಟಿ ಲೇಔಟು, ಎಂಬತ್ತಾರರಲ್ಲಿ ಅಪ್ಪನ ಹೆಸರಿಗೆ ಸೈಟ್ ನಂಬರ್ ಹದಿನೇಳು. ಕೊನೆಯ ಪುಟದಲ್ಲಿ ಅಪ್ಪನ ಓಲಾಡುವ ಸಹಿ ಕಂಡು ದೇವದಾಸರ ಕಣ್ಣು ತೇವವಾಯಿತು. ತೇವದ ನಡುವೆಯೂ ಎರಡು ಕಾಗುಣಿತದ ತಪ್ಪು ಕಂಡವು. ಜೇಬಿನ ಕೆಂಪು ಪೆನ್ನಿಗೆ ಕೈ ಹಾಕಿದಾಗ ವೇಣು ಗಪ್ಪೆಂದು ಹಿಡಿದ.

"ಅದು ಸರ್ಕಾರಿ ದಾಖಲೆ ಸಾರ್!"

ಅಲ್ಲಿಂದ ದೂರು ಬರೆದುಕೊಂಡು ವಾರ್ಡ್ ಕಚೇರಿಗೆ. ಇಂಜಿನಿಯರ್ ರೇಖಾ ಹಳೆಯ ಪ್ಲಾನಿನ ಕಡತ ತರಿಸಿ, ದೂರು ಓದಿದರು.

"ಹದಿನೇಳನೇ ನಂಬರು ನಿಮ್ದೇ ತಾನೇ ಸಾರ್?"

"ನಲವತ್ತು ವರ್ಷದಿಂದ ಅದಕ್ಕೇ ಕಂದಾಯ ಕಟ್ತಿದ್ದೀವಿ ಮೇಡಂ!" ದೇವದಾಸರಿಗೆ ಸಿಟ್ಟೇ ಬಂತು.

"ಹಾಗಿದ್ರೆ ನಿಮ್ದೇ ಅಂತ ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ. ನಾಲ್ಕು ಗಂಟೆಗೆ ಆ ಕಡೇನೇ ಬರ್ತಿದ್ದೀನಿ, ನೋಡ್ತೀನಿ."

ನಾಲ್ಕಕ್ಕೆ ರೇಖಾ ಟೇಪು ಹಿಡಿದು ಬಂದಾಗ ವೇಣುವಿನ ಕೃಪೆಯಿಂದ ಇಡೀ ಬೀದಿ ನೆರೆದಿತ್ತು. ಅಳತೆ ಮುಗಿಯಿತು.

"ಮೂರಡಿ ಹೆಚ್ಚಿಗೆ ಬಂದಿದೆ. ಅನಧಿಕೃತವೇ," ಎಂದರು ರೇಖಾ.

ದೇವದಾಸರ ಮುಖ ಕರಿದ ಸಂಡಿಗೆಯಂತೆ ಅರಳಿತು. ರೇಖಾ ಲೇಔಟಿನ ನಕ್ಷೆಯನ್ನು ಸ್ಕೂಟರಿನ ಸೀಟಿನ ಮೇಲೆ ಹರಡಿ, ಅತ್ತಿತ್ತ ನೋಡಿ, ಹುಬ್ಬು ಗಂಟಿಕ್ಕಿದರು.

"ಸಾರ್, ನಿಮ್ಮ ಕ್ರಯಪತ್ರದ ಚಕ್ಕುಬಂದಿ ಓದಿ. ಸೈಟಿನ ನಾಲ್ಕು ಕಡೆ ಏನೇನಿದೆ ಅಂತ."

ದೇವದಾಸ್ ಗಂಟಲು ಸರಿಮಾಡಿಕೊಂಡು ಬೀದಿಗೆಲ್ಲ ಕೇಳುವಂತೆ ಓದಿದರು. "ಪೂರ್ವಕ್ಕೆ ಮೋರಿ, ಪಶ್ಚಿಮಕ್ಕೆ ಹದಿನೆಂಟನೇ ನಂಬರ್ ಸೈಟು, ಉತ್ತರಕ್ಕೆ..."

"ಅಲ್ಲೇ ನಿಲ್ಸಿ. ಮೋರಿ ಎಲ್ಲಿದೆ?"

ಬೀದಿಯ ಕತ್ತುಗಳೆಲ್ಲ ಒಟ್ಟಿಗೆ ಹೊರಳಿದವು. ಮೋರಿ ರಾಮಯ್ಯನವರ ಮನೆಯಾಚೆ ತಣ್ಣಗೆ ಹರಿಯುತ್ತಿತ್ತು.

"ಮೋರಿ ಪಕ್ಕದ್ದು ಹದಿನೇಳು. ಅಂದ್ರೆ ರಾಮಯ್ಯನವರು ಮನೆ ಕಟ್ಟಿರೋದು ನಿಮ್ಮ ಸೈಟಲ್ಲಿ. ನೀವು ವಾಸ ಇರೋದು ಅವರ ಹದಿನೆಂಟರಲ್ಲಿ," ಎಂದರು ರೇಖಾ.

ಜಗಲಿಯ ಕುರ್ಚಿಯಲ್ಲಿದ್ದ ರಾಮಯ್ಯ ಕೆಮ್ಮು ಬರುವಷ್ಟು ನಕ್ಕರು. "ನಿಂಗಿನ್ನೂ ಗೊತ್ತಿರ್ಲಿಲ್ವೇನೋ ದಾಸು? ಮುಹೂರ್ತ ಮೀರತ್ತೆ ಅಂತ ಕತ್ತಲಲ್ಲೇ ಬಂದು ನಿಮ್ಮಪ್ಪ ಗುದ್ದಲಿ ಪೂಜೆ ಮಾಡಿದ್ದು ನನ್ನ ಸೈಟಲ್ಲಿ! ಬೆಳಕಾದ್ಮೇಲೆ ಗೊತ್ತಾಯ್ತು. ಪೂಜೆ ಆದ ನೆಲ ಬಿಟ್ಟು ಬೇರೆ ಕಡೆ ಪಾಯ ತೆಗೀಬಾರ್ದು ಅಂದ್ರು ಪುರೋಹಿತರು. ಪಾಪ, ನಿಮ್ಮಪ್ಪ ಅಳೋದೊಂದು ಬಾಕಿ. ನಾನೇ ಅಂದೆ, ಬಿಡೋ, ನಾನು ನಿಂದ್ರಲ್ಲಿ ಕಟ್ಕೋತೀನಿ ಅಂತ. ಪೇಪರ್ ಯಾಕೆ, ನಾವಿಬ್ರೂ ಇದ್ದೀವಲ್ಲ ಅಂದ್ಕೊಂಡ್ವಿ. ಒಂದ್ಮಾತು ನನ್ನ ಕೇಳಿದ್ರೆ ಹೇಳ್ತಿದ್ನಲ್ಲೋ."

ದೇವದಾಸರಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆ ನೆಲವೂ ತಮ್ಮದಲ್ಲ ಎಂದು ಮರುಕ್ಷಣವೇ ನೆನಪಾಯಿತು.

ರೇಖಾ ನೋಟಿಸ್ ಬರೆದು ಅವರ ಕೈಗೇ ಕೊಟ್ಟರು. "ದಾಖಲೆ ಪ್ರಕಾರ ಹದಿನೇಳರ ಮಾಲೀಕರು ನೀವು. ಮೂರು ಕಡೆ ಸೈನ್ ಕೂಡ ಮಾಡಿದ್ದೀರ. ಏಳು ದಿನದೊಳಗೆ ಆ ರೂಮು ನೀವೇ ಒಡೆಸ್ಬೇಕು. ಆಕ್ಷೇಪಣೆ ಇದ್ರೆ ಲಿಖಿತವಾಗಿ ಕೊಡಿ."

ಹೋಗಲಿ, ಒಡೆಸಿದರೆ ಬಿಸಿಲಾದರೂ ಬರುತ್ತದಲ್ಲ ಎಂದು ದೇವದಾಸ್ ಸಮಾಧಾನ ತಂದುಕೊಳ್ಳುತ್ತಿರುವಾಗ, ಮೇಲಿನಿಂದ ಹೆಂಡತಿಯ ದನಿ ಬಂತು. ತಲೆ ಎತ್ತಿದರೆ, ಲತಾಮಣಿ ರಾಮಯ್ಯನವರ ಮಹಡಿಯಲ್ಲಿ ಸ್ಟೂಲು ಹತ್ತಿ, ಆ ತಗಡಿನ ಮೇಲೆ ಬಿಳಿ ಪಂಚೆ ಹಾಸಿ ಹೊಸ ಸಂಡಿಗೆ ಇಡುತ್ತಿದ್ದರು.

"ರೀ, ತಗಡು ಕಾವಲಿ ಥರ ಕಾದಿದೆ! ರಾಮಯ್ಯ ಮಾವ ಎಷ್ಟು ಬೇಕಾದ್ರೂ ಇಟ್ಕೋ ಅಂದ್ರು. ಈ ರೂಮಿಗೆ ಯಾರಾದ್ರೂ ಕೈ ಹಚ್ಚಿದ್ರೆ ನೋಡಿ ಮತ್ತೆ!"

ಆ ಸಂಜೆ ದೇವದಾಸ್ ಕನ್ನಡಕ ಒರೆಸಿಕೊಂಡು, ತಾವೇ ಕೊಟ್ಟ ದೂರಿಗೆ ತಾವೇ ಆಕ್ಷೇಪಣೆ ಬರೆಯಲು ಕುಳಿತರು. ವೇಣು ಪಕ್ಕದಲ್ಲೇ ಕಾಫಿ ಹೀರುತ್ತಿದ್ದ.

"ದೂರು ಕೊಟ್ಟವನು ಬೀದಿಗೇ ಗೊತ್ತಿರೋ ಜಗಳಗಂಟ ಅಂತ ಒಂದು ಸಾಲು ಸೇರ್ಸಿ ಸಾರ್," ಎಂದ. "ಒಂದು ತೂಕ ಬರತ್ತೆ."

ದೇವದಾಸ್ ಸೇರಿಸಿದರು. ಆಮೇಲೆ ಕೆಳಗೆ ಮೂರು ಕಡೆ ಸಹಿ ಹಾಕಿದರು.