ಕಾಳಗ ಬಿಟ್ಟು ಹೊರಟವರಿಗೆ ಒಂದೇಟು

"ಆ ಮನೇಲಿ ಭಾನುವಾರ ಬಂತು ಅಂದ್ರೆ ಒಂದು ಹೆಣವಾದ್ರೂ ಬೀಳುತ್ತೆ" ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಸುಳ್ಳೇನಲ್ಲ. ಊಟದ ಮೇಜಿನ ಮೇಲೆ ದಾಳ ಉರುಳಿಸಿ, ತಾವೇ ವೀರರಾಗಿ ರಾಕ್ಷಸರನ್ನು ಕಡಿಯುವ ಆಟ ಅವರದು. ಕಥೆ ನಡೆಸುವವನೂ ರಾಕ್ಷಸರನ್ನು ಆಡಿಸುವವನೂ ತೀರ್ಪು ಕೊಡುವವನೂ ಮನೆ ಯಜಮಾನನಾದ ದರ್ಜಿ. ಆಡುವವರು ನರ್ಸ್ ಕೆಲಸದ ಅವನ ಹೆಂಡತಿ ಮತ್ತು ಅವಳ ತಮ್ಮ.

ಆ ಭಾನುವಾರ ದರ್ಜಿ ತೋಳು ಮಡಚಿ ಸಾರಿದ: "ಇವತ್ತು ಹೆಂಡತಿ, ಭಾವಮೈದ ಅಂತ ಮುಖ ನೋಡೋನಲ್ಲ. ನಿಯಮ ಅಂದ್ರೆ ನಿಯಮ."

ಆಟದಲ್ಲಿ ಹೆಂಡತಿ ಆಡಿಸುವ ಕತ್ತಿವೀರೆಯ ಹೆಸರು ಬಿರುಗಾಳಿ. ಮದುವೆಯಾದಾಗಿನಿಂದ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಪಾತ್ರ. ಈಗ ಎದುರಿಗೆ ರಾಕ್ಷಸ. ಇನ್ನೊಂದೇಟು ಬಿದ್ದರೆ ಅವಳ ಕತೆ ಮುಗಿಯಿತು.

"ಅವನ ಕಡೆ ಮುಖ ಮಾಡ್ಕೊಂಡೇ ಹೆಜ್ಜೆ ಹೆಜ್ಜೆ ಹಿಂದೆ ಸರೀತೀನಿ" ಎಂದಳು ಹೆಂಡತಿ. "ಹೊಸ ನಿಯಮದ ಪುಸ್ತಕದಲ್ಲಿ ಹಾಗೆ ಸರಿಯೋರನ್ನ ಹೊಡೆಯೋ ಹಾಗಿಲ್ಲ."

"ಹಳೇ ಪುಸ್ತಕದಲ್ಲಿ ಕಾಳಗ ಬಿಟ್ಟು ಹೊರಟೋರಿಗೆ ಒಂದೇಟು ಬಿಟ್ಟಿ. ಹೇಗೆ ಹೊರಟ್ರೂ ಅಷ್ಟೇ."

"ಹೋದ ವಾರ ನಿಮ್ಮ ರಾಕ್ಷಸ ಹಿಂದೆ ಸರಿದಾಗ ಹೊಸ ಪುಸ್ತಕ ತೆಗೆದ್ರಲ್ರೀ?"

"ಅದು ರಾಕ್ಷಸನಿಗೆ."

"ಯಾಕೆ ಭಾವ, ಅವನು ನಿಮ್ಮ ಕಡೆ ನೆಂಟನಾ?" ಎಂದ ತಮ್ಮ.

ದರ್ಜಿ ಮೇಜು ಗುದ್ದಿದ. "ಈ ಮನೇಲಿ ಹಳೇ ಪುಸ್ತಕವೇ ಕಾನೂನು. ಸತ್ತಳು ಅಂತ ಬರ್ಕೊಳ್ಳೇ."

"ಬರೆಯಲ್ಲ." ಅವಳು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡಳು.

"ಹಾಗಾದ್ರೆ ಅಂಗಡಿಗೆ ಹೊರಟೆ. ನೀನು ಬರೆಯೋ ತನಕ ಈ ಕಡೆ ತಲೆ ಹಾಕಲ್ಲ."

ಸಿಂಹಾಸನ ತೊರೆದ ಚಕ್ರವರ್ತಿಯ ಹಾಗೆ ಎದ್ದು ಹೊರಟ. ಬೆನ್ನಿಗೆ ಧೊಪ್ಪನೆ ದಿಂಬು ಬಿತ್ತು.

"ಏನೇ ಇದು?"

"ಕಾಳಗ ಬಿಟ್ಟು ಹೊರಟ್ರಲ್ಲ. ಹಳೇ ಪುಸ್ತಕ."

ಬೀದಿಗಿಳಿದ ಮೇಲೆ ನೆನಪಾಯಿತು, ಅಂಗಡಿಯ ಬೀಗದ ಕೈ ಮೇಜಿನ ಮೇಲೇ ಇದೆ. ವಾಪಸ್ ಬಂದ, ಯಾರ ಮುಖವನ್ನೂ ನೋಡದೆ ತೆಗೆದುಕೊಂಡ, ತಿರುಗಿದ. ಧೊಪ್. ಆಮೇಲೆ ಕನ್ನಡಕ. ಧೊಪ್. ದಿಂಬು ಬಿರಿದು ಹತ್ತಿ ಮನೆ ತುಂಬಾ ಹಾರಿತು.

"ಈ ದಿಂಬು ಹೊಲಿದೋರು ಯಾರು ಭಾವ? ಗಟ್ಟಿಯಿಲ್ಲ."

ಹೊಲಿದವನು ತಲೆಯ ಮೇಲಿನ ಹತ್ತಿ ಕೊಡವಿಕೊಂಡು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ಕಾಲು ನೋಡಿಕೊಂಡರೆ ಹಾಕಿಕೊಂಡಿರುವುದು ಹೆಂಡತಿಯ ಚಪ್ಪಲಿ.

ಮತ್ತೆ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಬದಲಾಯಿಸಿದ. ತಲೆಯೆತ್ತಿದರೆ ಹೆಂಡತಿ ಸುತ್ತಿಟ್ಟ ಹಾಸಿಗೆಯನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು.

ದರ್ಜಿ ಹಾಸಿಗೆ ನೋಡಿದ. ಬಾಗಿಲು ನೋಡಿದ. "ನಾನು ಯಾರಿಗೂ ಹೆದರೋನಲ್ಲ" ಎಂದು ಎದೆಯುಬ್ಬಿಸಿ, ಅವಳ ಕಡೆ ಮುಖ ಮಾಡಿಕೊಂಡೇ, ಹೆಜ್ಜೆ ಹೆಜ್ಜೆ ಹಿಂದೆ ಸರಿದ.

"ಹೊಡಿ ಅಕ್ಕ."

"ಹೊಡೆಯೋ ಹಾಗಿಲ್ಲ ಕಣೋ. ನಿಮ್ಮ ಭಾವ ಹೊಸ ಪುಸ್ತಕಕ್ಕೆ ಬಂದ್ರು." ಅವಳು ಹಾಸಿಗೆ ಇಳಿಸಿ, ತುರುಬಿನಿಂದ ಪೆನ್ಸಿಲ್ ಕಿತ್ತು, ಆಟದ ಹಾಳೆಯಲ್ಲಿ ದೊಡ್ಡಕ್ಕೆ ಬರೆದಳು: ಬಿರುಗಾಳಿ ಬದುಕಿದಳು.

ಮೆಟ್ಟಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅಜ್ಜಿ ಕೇಳಿದರು: "ಇವತ್ತು ಯಾರಪ್ಪ ಗೆದ್ದಿದ್ದು?"

"ನಾನೇ" ಎಂದ ದರ್ಜಿ, ಬಾಗಿಲಿನ ಮೇಲೇ ಕಣ್ಣಿಟ್ಟು, ಹಿಂದಿನ ಮೆಟ್ಟಿಲನ್ನು ಹಿಮ್ಮಡಿಯಲ್ಲಿ ತಡವುತ್ತ.