ಮಾತ್ರೆ ಬಿಟ್ಟ ಮೂಗು

ಗಡಿಯಾರ ರಿಪೇರಿಯವರ ಮೂಗಿಗೆ ಆ ವಾರ ಹೇಳುವವರು ಕೇಳುವವರು ಇರಲಿಲ್ಲ. ಬೆಳಗಾದರೆ ಸೀನು, ಸಂಜೆಯಾದರೆ ಮೂಗು ಕಟ್ಟುವುದು ಹಳೆಯ ಗೋಳು. ಯಾವುದರ ಅಲರ್ಜಿ ಎಂದು ಚರ್ಮಕ್ಕೆ ಚುಚ್ಚಿ ನೋಡೋಣ, ಆದರೆ ಅದಕ್ಕೆ ಮುಂಚೆ ಒಂದು ವಾರ ಸೀನಿನ ಮಾತ್ರೆ ನುಂಗಲೇಬಾರದು ಎಂದು ಮೂಗಿನ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮೂಗಿಗಿಂತ ಮೂಗುತಿಯೇ ಭಾರವಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಂಗಸರ ವಾಚೊಂದನ್ನು ಬಿಚ್ಚಿದರು. ಮೂಗಿನೊಳಗೆ ಇರುವೆ ಹರಿದಂತಾಯಿತು. ಮುಖ ತಿರುಗಿಸುವಷ್ಟರಲ್ಲಿ ಸೀನು ಹೊರಟೇಹೋಯಿತು. ಸಾಸಿವೆಗಿಂತ ಸಣ್ಣ ತಿರುಪುಗಳು ಶಾಲೆ ಬಿಟ್ಟ ಮಕ್ಕಳಂತೆ ದಿಕ್ಕಿಗೊಂದು ಹಾರಿದವು. ವಾಚಿನ ಒಡತಿ ಎದುರಿಗೇ ನಿಂತಿದ್ದರು. ಇವರು ಮೊಣಕಾಲೂರಿ ಹುಡುಕುತ್ತ ಮತ್ತೊಮ್ಮೆ ಸೀನಿದರು. ಸಿಕ್ಕಿದ್ದೂ ಹೋಯಿತು.

ಗೋಡೆಯಾಚೆಯ ಅಂಗಡಿಯ ಟೈಲರ್ ಅಕ್ಕ ಆ ಸದ್ದಿಗೆ ಬೆಚ್ಚಿ, ಯಾರದೋ ತುಂಬುತೋಳಿನ ಅಂಗಿಯನ್ನು ಮೊಣಕೈಗೇ ಕತ್ತರಿಸಿಬಿಟ್ಟರು. ಓಡಿ ಬಂದು, ಒಂದೇ ಒಂದು ಮಾತ್ರೆ ತಗೊಳ್ಳಪ್ಪ ಎಂದು ಗೋಗರೆದರು. ಕನ್ನಡಕದಂಗಡಿಯವರು ಮೂಗಿಗೆ ಉಪ್ಪುನೀರು ಬಿಡಿ ಎಂದರು. ಬಿಟ್ಟದ್ದು ನೆತ್ತಿಗೇರಿ ಇವರು ಕಣ್ಣು ಬಾಯಿ ಬಿಟ್ಟರು.

"ಸತ್ರೂ ಮಾತ್ರೆ ನುಂಗಲ್ಲ ಅಕ್ಕ. ಇವತ್ತು ಸಂಜೆ ಈ ಮೂಗಿನ ಬಂಡವಾಳ ಬಯಲಾಗ್ಲೇಬೇಕು," ಎಂದು ಕರವಸ್ತ್ರದೊಳಗಿಂದಲೇ ಹೇಳಿದರು.

ಮಧ್ಯಾಹ್ನದ ಚಹಾದ ಹೊತ್ತು ಕಳೆದ ಮೇಲೆ, ಯಾಕೋ ಏನೋ, ಸೀನು ತಾನಾಗಿ ನಿಂತಿತು. ಸೂಜಿಯ ಹೆಸರು ಕೇಳಿಯೇ ಮೂಗು ಬಾಲ ಮುದುರಿತು ಎಂದು ಇವರು ಊರಿಗೆಲ್ಲ ಹೇಳಿಕೊಂಡು ನಕ್ಕರು. ಅಕ್ಕನೂ ಅಂಗಡಿಗೆ ಬೀಗ ಹಾಕಿ, ಧೈರ್ಯಕ್ಕಿರಲಿ ಎಂದು ಆಸ್ಪತ್ರೆಗೆ ಜೊತೆಯಾದರು.

ಧೂಳು, ಬೂಷ್ಟು, ಬೆಕ್ಕಿನ ಕೂದಲು, ಹೂವಿನ ಪರಾಗ ಎಂದು ಡಾಕ್ಟರು ತೋಳಿನ ಮೇಲೆ ಒಂದೊಂದರ ಹನಿಯಿಟ್ಟು ಚುಚ್ಚಿದರು. ಕಾಲು ಗಂಟೆ ಕಾದರೂ ಒಂದೂ ಗುಳ್ಳೆ ಏಳಲಿಲ್ಲ. ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ಇಡುವ, ಎಂಥವರಿಗೂ ಗುಳ್ಳೆ ಎಬ್ಬಿಸುವ ಹನಿ ಕೂಡ ತೆಪ್ಪಗಿತ್ತು.

"ನೀವು ಮಾತ್ರೆ ತಗೊಂಡಿದೀರಿ," ಎಂದರು ಡಾಕ್ಟರು.

ಇವರು ಹೆತ್ತವರ ಮೇಲೆ ಆಣೆಯಿಟ್ಟರು, ಅಂಗಡಿಯ ಮೇಲೆ ಆಣೆಯಿಟ್ಟರು, ಕೊನೆಗೆ ಅಕ್ಕನನ್ನೇ ಸಾಕ್ಷಿಗೆ ಕರೆದರು.

"ನಿಜ ಡಾಕ್ಟ್ರೇ, ಇವನು ನುಂಗಿಲ್ಲ," ಎಂದರು ಅಕ್ಕ. "ನುಂಗಬಾರ್ದು ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ನಾನು ಪುಡಿ ಮಾಡಿ ಚಹಾದಲ್ಲಿ ಕಲಸಿ ಕುಡಿಸ್ದೆ."

ಡಾಕ್ಟರು ತೋಳಿನ ಮೇಲಿನ ಹನಿಗಳನ್ನೆಲ್ಲ ಒರೆಸಿದರು. ಆಮೇಲೆ, ಇನ್ನೊಂದು ವಾರ ಮಾತ್ರೆ ಬಿಟ್ಟು ಹೊಸದಾಗಿ ಬನ್ನಿ ಎಂದರು. ಇವರು ಕೀ ಮುಗಿದ ಗಡಿಯಾರದಂತೆ ಕೂತಲ್ಲೇ ಕೂತರು.

ಅಕ್ಕ ಬೆನ್ನು ಸವರಿ ಎಬ್ಬಿಸಿದರು. "ಹೆದರ್ಬೇಡ ತಮ್ಮ. ಈ ವಾರಾನೂ ನಾನಿದೀನಲ್ಲ."