ನಮ್ಮ ಪಂಪಿಗೆ ಹೊಟ್ಟೆಯುಬ್ಬರ

"ಮೆಕ್ಯಾನಿಕ್ಕು ಗಿಕ್ಯಾನಿಕ್ಕು ಯಾರೂ ಬೇಡ. ಆ ಪಂಪನ್ನ ನಾನೇ ಸರಿ ಮಾಡ್ತೀನಿ!" ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದ ರಭಸಕ್ಕೆ ಲೋಟಗಳೆಲ್ಲ ಎಗರಿ ನೆಲಕ್ಕೆ ಬಿದ್ದವು. ನಮ್ಮ ಅಂಗಡಿಯ ಸ್ಟೀಲ್ ಲೋಟಗಳಾದ್ದರಿಂದ ಒಡೆಯಲಿಲ್ಲ. ಸೊಟ್ಟಗಾದವು, ಅಷ್ಟೆ.

ನನ್ನದು ಪಾತ್ರೆ ವ್ಯಾಪಾರ. ಸೌಟಿನಿಂದ ಹಿಡಿದು ಮದುವೆ ಮನೆಯ ಹಂಡೆಯವರೆಗೆ ಮಾರಿದವನು. ದೂರು ಹೊತ್ತು ಬರುವ ಗಿರಾಕಿಗಳನ್ನು ನಿಭಾಯಿಸುವ ವಿದ್ಯೆ ನನಗೆ ಸಿದ್ಧಿಸಿದೆ. ತಳ ಹಿಡಿಯುತ್ತದೆ ಎಂದರೆ "ಉರಿ ಕಡಿಮೆ ಮಾಡಿ" ಎನ್ನುತ್ತೇನೆ. ಕುಕ್ಕರ್ ಕೂಗುವುದಿಲ್ಲ ಎಂದರೆ "ನೀರು ಜಾಸ್ತಿ ಹಾಕಿ ನೋಡಿ" ಎನ್ನುತ್ತೇನೆ. ಈ ಎರಡು ಮಂತ್ರಗಳ ಮೇಲೆ ನಮ್ಮ ಅಂಗಡಿ ಇಷ್ಟು ವರ್ಷ ಅಲ್ಲಾಡದೆ ನಿಂತಿದೆ. ಮನುಷ್ಯರನ್ನೇ ಹೀಗೆ ಸಾಗಹಾಕುವವನಿಗೆ ಒಂದು ಪಂಪು ಯಾವ ಲೆಕ್ಕ?

ಪಾತ್ರೆ ಅಂಗಡಿಯವನ ಮನೆಯಲ್ಲಿ ಈಜುಕೊಳ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವುದು ಸಹಜ. ಈ ಮನೆ ಕೊಳ್ಳುವಾಗ ಅದು ಜೊತೆಗೇ ಬಂತು. ಮಾರುವವನು "ಈಜುಕೊಳ ಇದೆ ಸಾರ್!" ಎಂದು ಎದೆಯುಬ್ಬಿಸಿದ. ನಾನು ಅಂಚಿನಲ್ಲಿ ನಿಂತು, ಮುಖ ಸಪ್ಪಗೆ ಮಾಡಿಕೊಂಡು, "ಅಯ್ಯೋ, ಹಿತ್ತಲಲ್ಲಿ ಇಷ್ಟು ದೊಡ್ಡ ಗುಂಡಿ ಇದೆಯಲ್ಲಪ್ಪ, ಇದನ್ನ ಮುಚ್ಚೋಕೆ ಎಷ್ಟು ಲೋಡ್ ಮಣ್ಣು ಬೇಕೋ!" ಎಂದೆ. ಬೆಲೆ ಇಳಿಯಿತು. ಮನೆ ನಮ್ಮದಾಯಿತು. ಗುಂಡಿ ಮರುದಿನವೇ ಮತ್ತೆ ಈಜುಕೊಳವಾಯಿತು.

ಆಮೇಲೂ ಅದಕ್ಕೆ ದಂಡ ತೆತ್ತವನಲ್ಲ ನಾನು. ಹಾರಿಬಿದ್ದ ಎಲೆ ತೆಗೆಯಲು ಜಾಲರಿ ಸೌಟಿಗೆ ಬಿದಿರಿನ ಕೋಲು ಕಟ್ಟಿದೆ. ಪಂಪಿನ ತಲೆಯ ಮೇಲಿರುವ ಗಾಜಿನಂಥ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಾಗ, ಗೋಡೌನಿನಲ್ಲಿ ಕೈಗೆ ಸಿಕ್ಕ ಕುಕ್ಕರ್ ಡಬ್ಬಿ ಬಿಚ್ಚಿ, ಅದರ ಗ್ಯಾಸ್ಕೆಟ್ ತೆಗೆದು ಹಾಕಿದೆ. ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು! ಸುತ್ತ ಒಂದಿಷ್ಟು ಅಡುಗೆ ಎಣ್ಣೆಯನ್ನೂ ಸವರಿದೆ. ಡಬ್ಬಿಗೆ ಬೇರೆ ಗ್ಯಾಸ್ಕೆಟ್ ಆಮೇಲೆ ಹಾಕಿದರಾಯಿತು ಎಂದುಕೊಂಡೆ.

ಸರಿ, ಈಗ ರೋಗಕ್ಕೆ ಬರೋಣ. ಪಂಪಿನ ಕೆಲಸ ಬಹಳ ಸರಳ. ಕೊಳದ ಗೋಡೆಯಲ್ಲಿರುವ ಬಾಯಿಯಿಂದ ನೀರು ಎಳೆಯಬೇಕು, ಮರಳು ತುಂಬಿದ ಫಿಲ್ಟರಿನೊಳಕ್ಕೆ ನೂಕಬೇಕು, ಶುದ್ಧವಾದ ನೀರನ್ನು ಎದುರು ಗೋಡೆಯಿಂದ ಕೊಳಕ್ಕೇ ಬಿಡಬೇಕು. ನಮ್ಮ ಪಂಪು ನೀರಿನ ಬದಲು ಗಾಳಿ ಕುಡಿಯತೊಡಗಿತ್ತು. ಮುಚ್ಚಳದ ಕೆಳಗೆ ಅರ್ಧ ನೀರು, ಅರ್ಧ ಗುಳ್ಳೆಗಳ ಕುಣಿತ. ಹಗಲೆಲ್ಲ ಗೊರಗೊರ ಸದ್ದು. ಎದುರು ಗೋಡೆಯ ತೂತು ಭಾರೀ ಊಟ ಮುಗಿಸಿದ ದೊಡ್ಡ ಮನುಷ್ಯನಂತೆ ಆಗಾಗ ತೇಗುತ್ತಿತ್ತು. ಶುದ್ಧಿ ಕಾರ್ಯ ನಿಂತು, ಕೊಳದ ನೀರು ಹಸಿರು ತಿರುಗುತ್ತಿತ್ತು.

ತಿರುಗಿದರೆ ತಿರುಗಲಿ ಎನ್ನುವಂತಿರಲಿಲ್ಲ. ಭಾನುವಾರ ನಮ್ಮ ಚಿಕ್ಕತ್ತೆ ಬರುವವರಿದ್ದರು.

ಚಿಕ್ಕತ್ತೆ ಎಂದರೆ ನಮ್ಮ ಜೊತೆಗೇ ಇರುವ ನಮ್ಮತ್ತೆಯ, ಅಂದರೆ ಹೆಂಡತಿಯ ತಾಯಿಯ, ತಂಗಿ. ಅಕ್ಕ ಏನು ಮಾಡಿದರೂ ಅದರಲ್ಲಿ ಒಂದು ಕೊಂಕು ಹುಡುಕುವುದು ಅವರ ಹುಟ್ಟುಹಕ್ಕು. ಮಂಡಿನೋವಿಗೆ ಒಳ್ಳೆಯದೆಂದು ನಮ್ಮತ್ತೆ ಈ ವಯಸ್ಸಿನಲ್ಲಿ ನೀರಿಗಿಳಿದಿದ್ದರು. ಹೋದ ಸಲ ತಂಗಿ ಬಂದಾಗ ಹುಮ್ಮಸ್ಸಿನಿಂದ ಈಜಿ ತೋರಿಸಿದರು. ಚಿಕ್ಕತ್ತೆ ಅಂಚಿನಲ್ಲಿ ಕುಳಿತು ನೋಡಿ, "ಸಾಕು ಬಾ ಅಕ್ಕ. ಕಾಲು ನೆಲದ ಮೇಲಿಟ್ಕೊಂಡು ನಡೀತಿದ್ದೀಯ, ಕೈ ಮಾತ್ರ ಆಡಿಸ್ತಿದ್ದೀಯ" ಎಂದರು. ಆವತ್ತು ಅದು ಸತ್ಯವೇ ಆಗಿತ್ತು ಎನ್ನುವುದು ಬೇರೆ ಮಾತು! ಅಕ್ಕನ ಮುಖ ಕೆಂಪಗಾಯಿತು. ತಂಗಿಯ ಮುಖ ಅರಳಿತು. ಹೊರಡುವಾಗ ನಾನು ಗೋಡೌನಿನಿಂದ ಒಂದು ಹೊಸ ಕುಕ್ಕರ್ ತಂದು ಉಡುಗೊರೆಯಾಗಿ ಕೊಟ್ಟೆ. ಅವರು ಡಬ್ಬಿಯನ್ನು ತಲೆಕೆಳಗು ಮಾಡಿ, ಬೆಲೆಯ ಚೀಟಿ ಇದೆಯೇ ಎಂದು ನೋಡಿಕೊಂಡೇ ಹೋದರು.

ಅಂದಿನಿಂದ ನಮ್ಮತ್ತೆ ಹಟ ಹಿಡಿದರು. ನನ್ನ ಹೆಂಡತಿಯೇ ಗುರು. ಮೊದಲು ನಮ್ಮ ಅಂಗಡಿಯ ಖಾಲಿ ಡಬ್ಬಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಆಮೇಲೆ ಒಂದೊಂದೇ ಡಬ್ಬ ಕಳಚಿಕೊಂಡು, ಕೊನೆಗೆ ಡಬ್ಬವಿಲ್ಲದೆ ಆ ಹೆಂಗಸು ನಿಜಕ್ಕೂ ಈಜಿದರು. ಈ ದಡದಿಂದ ಆ ದಡಕ್ಕೆ! ಬೆಳಿಗ್ಗೆ ಬೆಳಿಗ್ಗೆ ಅಲ್ಯೂಮಿನಿಯಂ ಡಬ್ಬಗಳ ಢಣಢಣ ಸದ್ದಿಗೆ ಎಚ್ಚರಗೊಳ್ಳುತ್ತಿದ್ದ ನಾನೇ ಇದಕ್ಕೆ ಸಾಕ್ಷಿ. ಚಿಕ್ಕತ್ತೆ ಈಗ ಮಗಳ ಜೊತೆ ದೂರದ ಊರಿಗೆ ಮನೆ ಬದಲಿಸುತ್ತಿದ್ದರು. ಹೋಗುವ ಮುಂಚೆ ಒಂದೇ ದಿನದ ಮಟ್ಟಿಗೆ ಬರುತ್ತಿದ್ದರು. ಮತ್ತೆ ಯಾವ ಕಾಲಕ್ಕೋ!

"ಅಳಿಯಂದಿರೇ," ಎಂದರು ನಮ್ಮತ್ತೆ, "ನೀರು ಕನ್ನಡಿ ಹಾಗಿರಬೇಕು. ನನ್ನ ಕಾಲಿನ ಹತ್ತೂ ಬೆರಳು ಅವಳಿಗೆ ಕಾಣಬೇಕು. ಈ ಪಾಚಿ ನೀರಲ್ಲಿ ನಾನು ಮೀನಿನ ಹಾಗೆ ಈಜಿದ್ರೂ ಅವಳು ನಡೀತಿದ್ದೀಯ ಅಂತಾಳೆ. ಜೀವನಪರ್ಯಂತ ಅಂತಾಳೆ."

ಮೇಜು ಗುದ್ದಿದ್ದು ಈ ಮಾತು ಕೇಳಿದ ಮೇಲೆ.

ಚಿಕಿತ್ಸೆ ಶುರುವಾಯಿತು. ಪಂಪಿನ ಗೊರಗೊರ ಕೇಳಿದೊಡನೆ ನನ್ನ ಬಾಯಿಂದ ತಾನಾಗಿ ಹೊರಟಿದ್ದು, "ನೀರು ಜಾಸ್ತಿ ಹಾಕಿ ನೋಡೋಣ!" ಕೊಳದಲ್ಲಿ ನೀರು ಆ ಗೋಡೆಯ ಬಾಯಿಗಿಂತ ಕೆಳಗಿಳಿದರೆ ಪಂಪು ಗಾಳಿ ಎಳೆಯುವುದುಂಟಂತೆ. ಪೈಪು ಬಿಟ್ಟು ಅಂಗಡಿಗೆ ಹೋದೆ. ಮರಳಿ ಬಂದಾಗ ಹಿತ್ತಲೆಲ್ಲ ಕೊಳವಾಗಿತ್ತು. ನನ್ನ ಚಪ್ಪಲಿಗಳು ಜೋಡಿಯಾಗಿ ಗೇಟಿನ ಕಡೆ ಪ್ರಯಾಣ ಹೊರಟಿದ್ದವು.

"ನೀರು ಮೊದಲೇ ಆ ಬಾಯಿಗಿಂತ ಮೇಲಿತ್ತಲ್ರೀ," ಎಂದಳು ಹೆಂಡತಿ, ಸೀರೆ ಎತ್ತಿ ಹಿಡಿದು ನಿಂತು.

"ಒಂದು ಅನುಮಾನ ಪರಿಹಾರ ಆಯ್ತಲ್ಲ!"

"ಆಯ್ತು. ನನ್ನ ಗುಲಾಬಿ ಗಿಡಗಳೂ ಪರಿಹಾರ ಆದ್ವು."

ಮರುದಿನ ಫಿಲ್ಟರಿನ ತಲೆಯ ಮೇಲಿದ್ದ ಪುಟ್ಟ ತಿರುಪು ನನ್ನ ಕಣ್ಣಿಗೆ ಬಿತ್ತು. ಗಾಳಿ ಬಿಡಿಸಲೆಂದೇ ಇಟ್ಟ ತಿರುಪು. ಹೊಟ್ಟೆಯಲ್ಲಿ ಗಾಳಿ ತುಂಬಿದೆ, ಬಿಡಿಸಿದರೆ ಮುಗಿಯಿತು! ಬಗ್ಗಿ ತಿರುಗಿಸಿದೆ. 'ಸುಯ್' ಎಂದು ಗಾಳಿ ಹೋಯಿತು. ನಾನು ಹೆಂಡತಿಯತ್ತ ವಿಜಯದ ನಗೆ ಬೀರಿದೆ. ಆ ನಗೆಯ ನಡುವೆಯೇ ನೀರಿನ ಕಾರಂಜಿ ನೆಟ್ಟಗೆ ನನ್ನ ಬಾಯಿಗೆ ಬಂತು.

ಆದರೇನು, ಪಂಪು ಮೌನವಾಯಿತು! ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಅದರ ಮೌನ ನಡೆಯಿತು. ಲೋಟ ಕೆಳಗಿಟ್ಟೆ. ಗೊರಗೊರ!

"ನೀವು ತೇಗಿಸಿದ್ರಿ, ಅದು ಮತ್ತೆ ಕುಡೀತು," ಎಂದಳು ಹೆಂಡತಿ. "ಎಲ್ಲಿಂದ ಕುಡೀತಿದೆ ಅನ್ನೋದನ್ನ ಅಲ್ವಾ ನೋಡಬೇಕಾದ್ದು? ಒಂದು ಚೂರು ಸೋಪಿನ ನೊರೆ ತಗೊಳ್ಳಿ. ಬೆರಳಲ್ಲಿ ಒಂದೊಂದೇ ಜಾಯಿಂಟಿಗೆ ಹಚ್ಚಿ. ಎಲ್ಲಿ ನೊರೆ ಒಳಗೆ ಹೋಗುತ್ತೋ ಅಲ್ಲಿ ತೂತು."

ಸಲಹೆ ಚೆನ್ನಾಗಿತ್ತು. ಆದರೆ ಚೂರು, ಬೆರಳು, ಒಂದೊಂದೇ, ಇವೆಲ್ಲ ಚಿಲ್ಲರೆ ವ್ಯಾಪಾರದ ಮಾತುಗಳು. ನಾನು ಸಗಟು ಮನುಷ್ಯ! ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಪಾತ್ರೆ ತೊಳೆಯುವ ದ್ರಾವಣದ ದೊಡ್ಡ ಕ್ಯಾನು ತಂದೆ. ಪೈಪು, ತಿರುಪು, ಮುಚ್ಚಳ, ಮೋಟಾರಿನ ಕಾಲು, ಪಕ್ಕದ ಗೋಡೆ, ಯಾವುದಕ್ಕೂ ಭೇದ ಮಾಡದೆ ಅಭಿಷೇಕ ಮಾಡಿದೆ. ಪಂಪು ಹರಿಯುವುದನ್ನೆಲ್ಲ ಬಾಯಿ ಚಪ್ಪರಿಸಿಕೊಂಡು ಎಳೆದುಕೊಂಡಿತು. ಎಲ್ಲಿಂದ ಎಂದು ನೋಡುವವರು ಯಾರು? ನಾನು ಕ್ಯಾನಿನ ತಳ ತಟ್ಟುತ್ತಿದ್ದೆ.

ಎದುರು ಗೋಡೆಯ ತೂತು ಒಮ್ಮೆ ಕೆಮ್ಮಿತು. ಒಂದು ಪುಟ್ಟ ಬಿಳಿ ಮೋಡ ಹೊರಬಂತು. ಅದರ ಹಿಂದೆ ಅದರ ಅಣ್ಣತಮ್ಮಂದಿರು, ಆಮೇಲೆ ಇಡೀ ಬಂಧುಬಳಗ! ನೋಡನೋಡುತ್ತಿದ್ದಂತೆ ಕೊಳದ ಮೇಲೆ ಹಿಮಪರ್ವತವೊಂದು ಎದ್ದು, ಅಂಚು ದಾಟಿ, ಗುಲಾಬಿ ಗಿಡಗಳನ್ನು ಮುಚ್ಚಿ, ಅಡುಗೆಮನೆಯ ಮೆಟ್ಟಿಲ ಕಡೆ ಮೆರವಣಿಗೆ ಹೊರಟಿತು.

ಅಷ್ಟರಲ್ಲಿ ನಮ್ಮತ್ತೆ ಈಜುಡುಗೆ ತೊಟ್ಟು, ಕನ್ನಡಕ ಏರಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು.

"ಅಳಿಯಂದಿರೇ, ಕೊಳ ಎಲ್ಲಿ?"

ನಾನು ಖಾಲಿ ಕ್ಯಾನಿನಿಂದ ನೊರೆಯ ಕಡೆ ತೋರಿಸಿದೆ. ಅವರು ಮೆಟ್ಟಿಲ ಮೇಲೆ ಕುಳಿತರು. ಕನ್ನಡಕ ತೆಗೆದು, ತೊಡೆಯ ಮೇಲಿಟ್ಟುಕೊಂಡು, "ಹೋಗ್ಲಿ ಬಿಡಿ. ಅವಳು ಅಂದ್ರೆ ಅಂದುಕೊಳ್ಳಲಿ" ಎಂದರು. ಆ ಹೆಂಗಸು ಯಾವುದನ್ನೂ ಹೋಗಲಿ ಬಿಡಿ ಎಂದಿದ್ದನ್ನು ನಾನು ಕೇಳಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೆಂಡತಿ ಮೊದಲು ನಕ್ಕಳು. ಕಂಬ ಹಿಡಿದುಕೊಂಡು ನಕ್ಕಳು. ಅಮ್ಮನ ಮುಖ ನೋಡಿದವಳೇ ನಗು ನಿಲ್ಲಿಸಿ, ನೊರೆಯೊಳಗೆ ಮಂಡಿಯವರೆಗೆ ಇಳಿದು ಪಂಪಿನ ಹತ್ತಿರ ಹೋದಳು. ಇಲ್ಲಿಂದ ಮುಂದಿನದನ್ನು ನಾನು ಟೋಪಿ ತೆಗೆದು ಹೇಳಬೇಕು. ಟೋಪಿ ಇಲ್ಲದ್ದರಿಂದ ಹಾಗೆಯೇ ಹೇಳುತ್ತೇನೆ.

"ಸೋಪು ಕೊಳಕ್ಕೆ ಬಂದಿದೆ ಅಂದ್ರೆ ಒಳಗೆ ಹೋಗೋ ದಾರಿ ಇದೆ," ಎಂದಳು. "ತೂತು ಪಂಪಿನ ಆಚೆ, ಫಿಲ್ಟರಿನ ಕಡೆ ಇದ್ದಿದ್ರೆ ಅಲ್ಲಿಂದ ನೀರು ಹೊರಗೆ ಚಿಮ್ತಿತ್ತು. ಅಲ್ಲಿ ನೂಕು. ಇಲ್ಲಿ ಈಚೆ ಎಳೆತ. ಹಾಗಾಗಿ ಗಾಳಿ ಬರೋದು ಈಚೆಯಿಂದಲೇ. ಒಂದು ಚೆಂಬು ನೀರು ಕೊಡಿ."

ಕೊಟ್ಟೆ. ಮೊದಲ ಜಾಯಿಂಟಿನ ಮೇಲೆ ಸಣ್ಣಗೆ ಸುರಿದಳು. ಗೊರಗೊರ. ಅದರ ಮುಂದಿನದಕ್ಕೆ ಸುರಿದಳು. ಗೊರಗೊರ. ಮುಚ್ಚಳದ ಸುತ್ತ ಬಳೆಯ ಹಾಗೆ ಸುರಿಯುತ್ತಾ ಬಂದಳು.

ಪಂಪು ಗಪ್‌ಚಿಪ್!

ಸುರಿಯುವುದು ನಿಲ್ಲಿಸಿದಳು. ಗೊರಗೊರ. ಮತ್ತೆ ಸುರಿದಳು. ಗಪ್‌ಚಿಪ್. ಗಾಳಿ ಬರುವ ಜಾಗದಲ್ಲಿ ನೀರು ನಿಂತರೆ ಪಂಪು ಗಾಳಿಯ ಬದಲು ನೀರು ಕುಡಿಯುತ್ತದೆ, ಸದ್ದಡಗುತ್ತದೆ. ಒಂದು ಕ್ಯಾನು ದ್ರಾವಣ ಹೇಳದ್ದನ್ನು ಒಂದು ಚೆಂಬು ನೀರು ಹೇಳಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮೆಟ್ಟಿಲ ಮೇಲೆ ಅತ್ತೆ ಕನ್ನಡಕವನ್ನು ಮತ್ತೆ ಕೈಗೆತ್ತಿಕೊಂಡರು.

ಹೆಂಡತಿ ಪಂಪು ಆರಿಸಿ, ಕೊಳದ ಕಡೆಯ ವಾಲ್ವ್ ಮುಚ್ಚಿ, ಮುಚ್ಚಳ ಬಿಚ್ಚಿದಳು. ಒಳಗಿನ ರಬ್ಬರನ್ನು ಎಳೆದು ಬೆಳಕಿಗೆ ಹಿಡಿದಳು.

"ರೀ. ಇದು ಕುಕ್ಕರಿನ ಗ್ಯಾಸ್ಕೆಟ್ ಅಲ್ವಾ?"

"ಹೌದು, ಅಪ್ಪಟ ಮಾಲು! ಅಷ್ಟು ಹಬೆಯನ್ನೇ ಹಿಡಿದಿಡುತ್ತೆ ಕಣೇ. ಪಿಸುಗುಟ್ಟೋ ಅಷ್ಟು ಗಾಳಿಯನ್ನ ತಡೆಯಲ್ವಾ?"

"ಕುಕ್ಕರಲ್ಲಿ ಹಬೆ ಒಳಗಿಂದ ಹೊರಕ್ಕೆ ನೂಕುತ್ತೆ. ನೂಕಿದಷ್ಟೂ ಈ ಅಂಚು ಮುಚ್ಚಳಕ್ಕೆ ಒತ್ತಿ ಕೂರುತ್ತೆ. ಪಂಪು ಹೊರಗಿಂದ ಒಳಕ್ಕೆ ಎಳೆಯುತ್ತೆ. ಎಳೆದ್ರೆ ಅದೇ ಅಂಚು ಮಡಚಿಕೊಂಡು ದಾರಿ ಬಿಡುತ್ತೆ. ಹೊಸದರಲ್ಲಿ ನಿಮ್ಮ ಎಣ್ಣೆ ಹಿಡಿದಿತ್ತು, ಈಗ ಅದೂ ತೊಳೆದುಹೋಗಿದೆ. ಇದು ಮನೆ ಒಳಗಿಂದ ಯಾರೂ ಹೊರಗೆ ಹೋಗದ ಹಾಗೆ ನಿಂತಿರೋ ಕಾವಲುಗಾರ ರೀ. ಹೊರಗಿಂದ ಬರೋರಿಗೆಲ್ಲ ಸಲಾಮು ಹೊಡೆದು ಒಳಗೆ ಬಿಡುತ್ತೆ!"

ಇಷ್ಟು ವರ್ಷ ಗ್ಯಾಸ್ಕೆಟ್ ಮಾರಿದವನು ನಾನು. ಅದು ಯಾವ ಕಡೆ ಮುಖ ಮಾಡಿ ಕೆಲಸ ಮಾಡುತ್ತದೆಂದು ಯೋಚಿಸಿದ್ದು ಅವಳು!

ಗ್ಯಾಸ್ಕೆಟ್ಟನ್ನು ತೊಳೆದು ಪಂಪಿನ ಗೂಡಿನ ಮೊಳೆಗೆ ನೇತುಹಾಕಿದಳು. ಈಜುಕೊಳದ ಸಾಮಾನಿನ ಅಂಗಡಿಗೆ ಹೋಗಿ, ಅವನು ಹೇಳಿದ ಬೆಲೆಗೆ, ಒಂದೇ ಒಂದು ಮಾತು ಚೌಕಾಸಿ ಮಾಡದೆ ಸರಿಯಾದ ರಬ್ಬರ್ ತಂದಳು. ನನ್ನ ಎದೆಯಲ್ಲಿ ಚಳುಕು ಬಂತು. ಆದರೆ ಹೊಸ ರಬ್ಬರ್ ಕೂತದ್ದೇ ತಡ, ಮುಚ್ಚಳದ ಕೆಳಗೆ ನೀರು ಅಂಚಿನವರೆಗೆ ಏರಿ, ಒಂದು ಗುಳ್ಳೆಯೂ ಇಲ್ಲದೆ ತಿಳಿಯಾಗಿ ನಿಂತಿತು. ಪಂಪು ಉಂಡು ಮಲಗಿದ ಮಗುವಿನಂತೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಹಿಮಪರ್ವತ ಕರಗಿಸುವ ಶಿಕ್ಷೆ ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿದ್ದ ಜರಡಿ, ಜಾಲರಿ, ಸೌಟು, ಬೋಗುಣಿ ಎಲ್ಲವನ್ನೂ ತಂದು ಮೊಗೆದೆ. ಅರ್ಧ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಿದೆ. "ನೀರು ಜಾಸ್ತಿ ಹಾಕಿ ನೋಡಿ" ಎಂದು ಹೆಂಡತಿ ಆಗಾಗ ಕಿಟಕಿಯಿಂದ ಹುರಿದುಂಬಿಸುತ್ತಿದ್ದಳು.

ಭಾನುವಾರ ತಳದ ಟೈಲ್ಸಿನ ನಡುವಿನ ಗೆರೆಗಳೂ ಕಾಣುವಷ್ಟು ನೀರು ತಿಳಿಯಾಗಿತ್ತು. ಚಿಕ್ಕತ್ತೆ ಒಂದು ದೊಡ್ಡ ಚೀಲ ಹಿಡಿದು ಬಂದರು. ಅದನ್ನು ಪಕ್ಕಕ್ಕಿಟ್ಟು, ಕೊಳದಂಚಿನಲ್ಲಿ ಮಂಡಿಯೂರಿ, ನೀರಿಗೆ ಮೂಗು ತಾಗುವಷ್ಟು ಬಗ್ಗಿ ಕುಳಿತರು. ಅಕ್ಕನ ಕಾಲುಗಳ ತಪಾಸಣೆಗೆ!

"ಹೂಂ, ಇಳಿ ಅಕ್ಕ. ಇವತ್ತು ನಿನ್ನ ಬಣ್ಣ ಬಯಲಾಗುತ್ತೆ."

ನಮ್ಮತ್ತೆ ನೀರಿಗಿಳಿದರು. ಗೋಡೆಗೆ ಕಾಲೊತ್ತಿ ಹೊರಟರು. ನಿಧಾನವಾಗಿ, ಉಸಿರು ಬಿಡುತ್ತಾ, ಬಿಳಿಕೂದಲಿನ ತಲೆ ಎತ್ತುತ್ತಾ ಇಳಿಸುತ್ತಾ ಸಾಗಿದರು. ಕೆಳಗೆ ನೆಲವಿತ್ತು, ಅವರ ಕಾಲು ಅದರಿಂದ ಮೊಳದಷ್ಟು ಮೇಲಿತ್ತು. ಹತ್ತು ಬೆರಳುಗಳೂ ಎಣಿಸುವಂತೆ ಕಾಣುತ್ತಿದ್ದವು. ಅಂಚಿನುದ್ದಕ್ಕೂ ಚಿಕ್ಕತ್ತೆ ಮಂಡಿಯಲ್ಲೇ ತೆವಳುತ್ತಾ ಹಿಂಬಾಲಿಸಿದರು. ಆ ದಡ ಮುಟ್ಟಿ ಅತ್ತೆ ತಲೆಯೆತ್ತಿದಾಗ ನನ್ನ ಹೆಂಡತಿಯ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ನೀರು ಸಿಡಿದಿರಬೇಕು.

ಚಿಕ್ಕತ್ತೆ ಮಂಡಿ ಸವರಿಕೊಂಡರು. "ನಿಜವಾಗ್ಲೂ ಈಜಿಬಿಟ್ಯಲ್ಲೇ ಅಕ್ಕ!" ಎಂದು ಕೈ ಚಾಚಿ ಅವರನ್ನು ಮೇಲೆಳೆದುಕೊಂಡರು. ಟವೆಲ್ ಹೊದಿಸಿದ್ದೂ ಅವರೇ.

ಇಷ್ಟು ಚೆಂದದ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಎಲ್ಲಾ ನೀರಿನ ಮಹಿಮೆ ಚಿಕ್ಕತ್ತೆ," ಎಂದೆ ಗಂಟಲು ಸರಿಮಾಡಿಕೊಂಡು. "ಪಂಪು ಕೈಕೊಟ್ಟಿತ್ತು. ಆದ್ರೆ ನಮ್ಮ ಕೈಗೆ ಬಂದ ಯಾವ ಸಾಮಾನೂ ಕೆಲಸ ಮಾಡದೆ ಇರೋ ಮಾತೇ ಇಲ್ಲ!"

"ಅದನ್ನೇ ಕೇಳಬೇಕು ಅಂತಿದ್ದೆ ಅಳಿಯಂದಿರೇ," ಎಂದು ಚಿಕ್ಕತ್ತೆ ಚೀಲಕ್ಕೆ ಕೈ ಹಾಕಿದರು. ಕುಕ್ಕರ್ ಹೊರಬಂತು. "ನೀವು ಕೊಟ್ಟಿದ್ದು. ಒಂದು ದಿನಕ್ಕೂ ಕೂಗಿಲ್ಲ. ಮುಚ್ಚಳದ ಸುತ್ತ ಬುಸ್ ಅನ್ನುತ್ತೆ. ಫೋನಲ್ಲಿ ಹೇಳಿದ್ರೆ ನೀರು ಜಾಸ್ತಿ ಹಾಕಿ ಅಂತೀರಿ ಅಂತ ಹೊತ್ಕೊಂಡೇ ಬಂದೆ."

ನಾನು ಮುಚ್ಚಳ ತಿರುಗಿಸಿ ನೋಡಿದೆ. ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ಬರಿಯ ಗಾಳಿ ಇತ್ತು.

ಹೆಂಡತಿ ಪಂಪಿನ ಗೂಡಿಗೆ ಹೋದಳು. ಮೊಳೆಯಿಂದ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಚಿಕ್ಕಮ್ಮನ ಕೈಗಿಟ್ಟಳು.

"ತಗೊಳ್ಳಿ ಚಿಕ್ಕಮ್ಮ. ಇಷ್ಟು ದಿನ ನಮ್ಮನೇಲಿ ಈಜು ಕಲೀತಿತ್ತು. ಬರಲಿಲ್ಲ."